ಸೀಟಿ ಊದದ ನಾಲ್ಕು ಸಾಲು

೧೧ ಸೆಪ್ಟೆಂಬರ್, ಗುರುವಾರ

ಸಿಂದಗಿ–ಕಲಬುರಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನಿಗೆ ಏನಾದರೂ ಬರೆಯದಿದ್ದರೆ ಕೈ ಕಡಿಯುತ್ತದೆ. ನಿವೃತ್ತಿಯ ದಿನ ಡಿಪೋದವರು ಶಾಲು, ಹಾರದ ಜೊತೆ ಈ ಡೈರಿಯನ್ನೂ ಕೊಟ್ಟಿದ್ದರು. ಹಾರ ಒಣಗಿತು, ಶಾಲು ಹೆಂಡತಿ ಯಶೋಧಾಳ ಪೆಟ್ಟಿಗೆ ಸೇರಿತು, ಡೈರಿ ಉಳಿಯಿತು. ಅವಳು ಓದುವುದಿಲ್ಲ, ಮೇಲಧಿಕಾರಿ ತಪಾಸಣೆ ಮಾಡುವುದಿಲ್ಲ. ಬರೆಯಲು ಇದಕ್ಕಿಂತ ಏನು ಬೇಕು?

ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಂಡು ಹೊರಟೆ. ಯಶೋಧಾ ರೊಟ್ಟಿ ಬಡಿಯುತ್ತಾ ಕೇಳಿದಳು, "ಇವತ್ತ ಡ್ಯೂಟಿ ಯಾವ ರೂಟಿಗ್ರಿ?"

ಗಟ್ಟಿ ಬಟ್ಟೆ, ಹರಿಯುವ ತನಕ ಹಾಕಿಕೊಳ್ಳುತ್ತೇನೆ ಎಂದೆ. ಅವಳು ನಕ್ಕಳು. ಇದರಲ್ಲಿ ನಗುವಂಥದ್ದು ಏನಿದೆಯೋ ಗೊತ್ತಾಗಲಿಲ್ಲ.

ಅಣ್ಣನ ಹೆಂಡತಿ ಶೇವಂತೆವ್ವ ವೈನಿಯ ಮನೆಗೆ ಹೋದೆ. ಅಣ್ಣ ತೀರಿಕೊಂಡ ಮೇಲೆ ಬೇವಿನಗಿಡದ ಹೊಲವನ್ನು ಆಕೆಯೇ ನಡೆಸಿದವಳು. ಈಗ ಮೊಣಕಾಲು ಕೈಕೊಟ್ಟಿವೆ. ಕಟ್ಟೆಯ ಮೇಲೆ ಸಿಂದಗಿಯ ಬಾಬುಲಾಲ ಚಹಾ ಕುಡಿಯುತ್ತಿದ್ದ. ಕಾಲುವೆ ನೀರು ಬಂದ ಕಡೆಯೆಲ್ಲ ಹೊಲ ಲಾವಣಿ ಹಿಡಿದು ಕಬ್ಬು ಹಚ್ಚುವ ಮನುಷ್ಯ. ನಮ್ಮ ಹೊಲವನ್ನೂ ಐದು ವರ್ಷದ ಗುತ್ತಿಗೆಗೆ ಕೇಳಲು ಬಂದಿದ್ದ. ವೈನಿ ಇನ್ನೇನು ಹೂಂ ಅನ್ನುವವಳಿದ್ದಳು.

"ಒಂದ ಹಂಗಾಮು ನನಗ ಬಿಡ್ರಿ ವೈನಿ," ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ!

"ನಿನಗ? ಎಳ್ಳ ಅಮಾಸಿಗೆ ಹೋಳಿಗಿ ಉಣ್ಣಾಕಷ್ಟ ಹೊಲಕ್ಕ ಬಂದಾಂವ ನೀ."

ಬಾಬುಲಾಲ ಚಹಾದ ಬಟ್ಟಲಿನೊಳಗೇ ನಕ್ಕ. ನನಗೆ ತಲೆ ಕೆಟ್ಟಿತು. ಆದರೆ ವೈನಿ ನನ್ನ ಮುಖ ನೋಡಿ ತೀರ್ಪು ಕೊಟ್ಟಳು. "ಆತು. ಸಜ್ಜಿ ತೊಗರಿ ನಾನು ಬಿತ್ತಿಸೇನಿ, ಇನ್ನ ನೀ ಕಾಯಿ. ಎಳ್ಳ ಅಮಾಸಿ ದಿನ ಭೂಮಿತಾಯಿಗೆ ಚರಗಾ ಚೆಲ್ಲಾಕ ಬರ್ತೇನಿ, ಹೊಲ ಪೂರಾ ಅಡ್ಡಾಡಿ ನೋಡ್ತೇನಿ. ತೊಗರಿ ಕಾಯಿ ತುಂಬಿದ್ರ ಹೊಲ ನಿನ್ನ ಕೈಯಾಗ. ಇಲ್ಲಂದ್ರ ಬಾಬುಲಾಲಗ."

ನಮ್ಮ ಮನೆಯಲ್ಲಿ ಇವತ್ತಿನ ತನಕ ಅಂಗಡಿಯ ಬೇಳೆ ಬೆಂದಿಲ್ಲ. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಿಚ್ಚುತ್ತಿದ್ದ ಬುತ್ತಿಯೂ ಆ ಹೊಲದ್ದೇ. ಬಸ್ಸು ಹೋಯಿತು. ಹೊಲವೂ ಹೋದರೆ ನಾನು ಎಲ್ಲಿ ಇಳಿಯಬೇಕು?

೧೮ ಸೆಪ್ಟೆಂಬರ್, ಗುರುವಾರ

ನಾಲ್ಕು ದಿನ ಮಳೆ. ಇವತ್ತು ಬಿಸಿಲು ಬಿತ್ತು, ಬಿಸಿಲಿನ ಜೊತೆ ಹಕ್ಕಿಗಳೂ ಬಿದ್ದವು. ಸಜ್ಜೆ ತೆನೆಗೆ ಹಾಲು ತುಂಬುತ್ತಿದೆ. ಗುಬ್ಬಿ, ಗಿಳಿ, ಬೆಳವ, ಇನ್ನು ನನಗೆ ಹೆಸರು ಗೊತ್ತಿಲ್ಲದ ಪಂಗಡಗಳೆಲ್ಲ ಇಳಿದಿವೆ. ಒಂದರ ಕೈಯಲ್ಲೂ ಟಿಕೆಟ್ ಇಲ್ಲ!

ಹೊಲದ ನಡುವೆ ಕಂಬ ನೆಟ್ಟು ಅಟ್ಟ ಕಟ್ಟಿಸಿದೆ. ಕವಣೆ ಬೀಸಿದೆ, ಕಲ್ಲು ನನ್ನ ಬೆನ್ನಿಗೇ ಬಂತು. ಸಿಟ್ಟಿನಲ್ಲಿ ಅಂಗಿ ಕಿಸೆಗೆ ಕೈ ಹಾಕಿದರೆ ಸಿಕ್ಕಿತಲ್ಲ, ನನ್ನ ಸೀಟಿ! ಡಿಪೋಕ್ಕೆ ಒಪ್ಪಿಸಲು ಮರೆತದ್ದೋ, ಮನಸ್ಸಿಲ್ಲದೆ ಉಳಿದದ್ದೋ. ಎದೆ ತುಂಬ ಉಸಿರು ಎಳೆದು ಒಂದು ಊದಿದೆ. ಇಡೀ ಹೊಲ ಒಮ್ಮೆಲೇ ಎದ್ದು ಆಕಾಶಕ್ಕೆ ಹೋಯಿತು. ಬಹಳ ದಿನಗಳ ನಂತರ ಯಾರೋ ನನ್ನ ಮಾತು ಕೇಳಿದಂತಾಯಿತು.

ಬುತ್ತಿ ತಂದ ಯಶೋಧಾ ಬೇವಿನ ಕೆಳಗೆ ನಿಂತು ಕಿವಿ ಮುಚ್ಚಿಕೊಂಡಳು. "ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಬಿಡಾಕತ್ತೀರೇನ್ರಿ?"

ಪೂರ್ವದ ಬದುವಿಗೆ ಹತ್ತಿಕೊಂಡೇ ಹಜರಾಬಿಯ ಮನೆಯಿದೆ. ಆಕೆಯ ಮಗಳು ಬಾಣಂತಿ. ಸಂಜೆ ಮುದುಕಿ ಸೊಂಟಕ್ಕೆ ಕೈಕೊಟ್ಟು ಬಂದಳು. "ಕಂಡಕ್ಟರ್ ಸಾಹೇಬ್ರ, ನಿಮ್ಮ ಸೀಟಿಗೆ ನಮ್ಮ ಕೂಸು ತೊಟ್ಟಿಲದಾಗ ಜಿಗದು ಬೀಳತೈತ್ರಿ. ಈ ಕಡಿ ಬಂದು ಊದಬ್ಯಾಡ್ರಿ."

ಕೂಸಿನ ವಿಷಯ, ಒಪ್ಪಿದೆ. ಆ ಕಡೆಯ ನಾಲ್ಕು ಸಾಲುಗಳ ಹತ್ತಿರ ಹೋಗಿ ಊದುವುದಿಲ್ಲ. ಅಲ್ಲಿ ಒಂದಿಷ್ಟು ಸಜ್ಜೆ ಹಕ್ಕಿಯ ಪಾಲಾದರೆ ಆಗಲಿ.

೫ ಅಕ್ಟೋಬರ್, ಭಾನುವಾರ

ಸಜ್ಜೆ ರಾಶಿ ಆಯಿತು! ಊರಲ್ಲಿ ಎಲ್ಲರ ತೆನೆ ಅರ್ಧ ಬೋಳು, ನಮ್ಮದು ಮಾತ್ರ ತುದಿಯಿಂದ ಬುಡದ ತನಕ ಕಾಳು. ಹಜರಾಬಿಯ ಕಡೆಯ ಸಾಲುಗಳಲ್ಲಿ ಮಾತ್ರ ಕಡಿಮೆ. ನೋಡಲು ಬಂದವರೆಲ್ಲ ಸೀಟಿಯನ್ನು ಕೈಯಲ್ಲಿ ಹಿಡಿದು ನೋಡಿದರು. ವೈನಿ ಕಾಳನ್ನು ಅಂಗೈಯಲ್ಲಿ ಆಡಿಸಿ, "ಪರವಾಗಿಲ್ಲ," ಎಂದಳು. ಆಕೆಯ ಬಾಯಲ್ಲಿ ಪರವಾಗಿಲ್ಲ ಎಂದರೆ ನಮ್ಮ ಡಿಪೋದ ಬೆಳ್ಳಿ ಪದಕ.

ಈಗ ಸಾಲಿನ ನಡುವಿನ ತೊಗರಿಗೆ ಜಾಗ ಸಿಕ್ಕಿದೆ, ಕವಲೊಡೆದು ಹರಡುತ್ತಿದೆ. ಗಿಳಿಗಳು ಎಳೆ ತೊಗರಿಕಾಯಿಯನ್ನೂ ಬಿಡುವುದಿಲ್ಲವಂತೆ. ಆದ್ದರಿಂದ ಸೀಟಿಯ ಡ್ಯೂಟಿ ಮುಂದುವರಿಯುತ್ತದೆ, ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್. ನನ್ನ ಹೊಲದ ಮೇಲೆ ಹಾರುವ ಹಕ್ಕಿಯೂ ಈಗ ಸುತ್ತು ಹಾಕಿ ಹೋಗುತ್ತದೆ.

೩ ನವೆಂಬರ್, ಸೋಮವಾರ

ಹೊಲ ತುಂಬ ಹಳದಿ ಹೂವು. ಇಷ್ಟು ಚಂದ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಹೂವಿನೊಳಗೆ ಹುಳ. ಹಸಿರು ಹುಳ, ಮೈಮೇಲೆ ಗೀಟು. ಕಾಯಿಯಾಗುವ ಹೊತ್ತಿಗೆ ತೂತು ಕೊರೆದು, ತಲೆ ಒಳಗಿಟ್ಟು, ಬಾಲ ಹೊರಗೆ ಬಿಟ್ಟು ತಿನ್ನುತ್ತದಂತೆ. ವೈನಿ ಹೇಳಿದಳು, "ಎಣ್ಣಿ ಹೊಡಿ. ಡಬ್ಬಿ ಮ್ಯಾಲ ಬರದಿದ್ದಕ್ಕಿಂತ ದುಪ್ಪಟ್ಟು ಹಾಕು. ಈಗಿನ ಹುಳ ಹಂಗ ಸಾಯಂಗಿಲ್ಲ." ನಾವು ಔಷಧಕ್ಕೆ ಎಣ್ಣೆ ಎಂದೇ ಅನ್ನುತ್ತೇವೆ. ಸಿಂದಗಿಯಿಂದ ತಂದೆ, ದುಪ್ಪಟ್ಟೇ ಹಾಕಿದೆ. ಪಂಪು ಬೆನ್ನಿಗೆ ಕಟ್ಟಿಕೊಂಡು ಸಾಲು ಸಾಲು ನಡೆದೆ. ಹಜರಾಬಿಯ ಕಡೆ ಮಾತ್ರ ಬಿಟ್ಟೆ. ಬೇಲಿಯ ಮೇಲೆ ಕೂಸಿನ ಬಟ್ಟೆ ಒಣಗುತ್ತಿದ್ದವು, ಮುದುಕಿಯ ಬಾಯಿಗೆ ಇನ್ನೊಮ್ಮೆ ಬೀಳುವ ಧೈರ್ಯ ಇರಲಿಲ್ಲ.

೯ ನವೆಂಬರ್, ಭಾನುವಾರ

ಹುಳ ಹಾಗೇ ಇವೆ. ಸಣ್ಣವು ಸತ್ತವು, ದೊಡ್ಡವು ಇನ್ನೂ ದೊಡ್ಡವಾದವು. ಜೇನುನೊಣದ ಸದ್ದು ನಿಂತಿದೆ. ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುತ್ತಿಲ್ಲ, ರೊಟ್ಟಿ ಮುರಿಯಲು ಮನಸ್ಸು ಬರಲಿಲ್ಲ.

೧೨ ನವೆಂಬರ್, ಬುಧವಾರ

ಬಾಬುಲಾಲ ಬದುವಿನ ಮೇಲೆ ನಿಂತು ಕಬ್ಬಿನ ನೀರಿಗೆ ಪೈಪು ಎಲ್ಲಿ ಎಳೆಯಬೇಕೆಂದು ತನ್ನ ಆಳಿಗೆ ಕೈ ಮಾಡಿ ತೋರಿಸುತ್ತಿದ್ದ. ಕೂಸು ಹುಟ್ಟುವ ಮುನ್ನ ಕುಲಾವಿ. ಬೈಯಬೇಕೆಂದುಕೊಂಡೆ. ಕೈಯಲ್ಲಿದ್ದ ತೊಗರಿಕಾಯಿಯಲ್ಲಿ ಮೂರು ತೂತು ಇದ್ದವು.

೧೪ ನವೆಂಬರ್, ಶುಕ್ರವಾರ

ಇವತ್ತು ನಾನು ಮೂರ್ಖನೆಂದು ನನಗೇ ತಿಳಿಯಿತು. ಆದರೂ ಇಷ್ಟು ಖುಷಿ ಯಾಕೆ ಆಗುತ್ತಿದೆ? ಬರೆದುಕೊಳ್ಳುತ್ತೇನೆ.

ಹೊಲ ಹೋದ ಹಾಗೆಯೇ ಎಂದುಕೊಂಡು ಸುಮ್ಮನೆ ಸಾಲುಗಳಲ್ಲಿ ತಿರುಗುತ್ತಿದ್ದೆ. ನೋಡುತ್ತಾ ನೋಡುತ್ತಾ ಪೂರ್ವದ ಬದುವಿಗೆ ಬಂದೆ. ಅಲ್ಲಿನ ಗಿಡ ಬಗ್ಗಿಸಿ ನೋಡಿದರೆ ಕಾಯಿ ನುಣ್ಣಗೆ, ತುಂಬಿಕೊಂಡು ನಿಂತಿವೆ! ಪಕ್ಕದ ಗಿಡ ನೋಡಿದೆ, ಅದೂ ಹಾಗೇ. ನಾಲ್ಕೂ ಸಾಲು ನೋಡಿದೆ. ಅಲ್ಲೊಂದು ಇಲ್ಲೊಂದು ತೂತು ಬಿಟ್ಟರೆ ಎಲ್ಲ ಚೊಕ್ಕ. ಐದನೆಯ ಸಾಲಿಗೆ ಬಂದರೆ ಮತ್ತೆ ಅದೇ ಹುಳದ ಸಂತೆ.

ಬೀಜ ಒಂದೇ, ಮಣ್ಣು ಒಂದೇ, ಮಳೆ ಒಂದೇ. ನಾನು ಸೀಟಿ ಊದದ, ಎಣ್ಣೆ ಹೊಡೆಯದ, ಏನೂ ಮಾಡದ ನಾಲ್ಕು ಸಾಲು ಮಾತ್ರ ಚೆನ್ನಾಗಿವೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಅಲ್ಲೇ ಬದುವಿನ ಮೇಲೆ ಕುಳಿತೆ.

ಕುಳಿತದ್ದೇ ಒಳ್ಳೆಯದಾಯಿತು. ಬಟ್ಟೆ ಒಣಹಾಕುವ ತಂತಿಯ ಮೇಲೆ ಕಪ್ಪು ಹಕ್ಕಿಯೊಂದು ಕೂತಿತ್ತು, ಬಾಲ ಎರಡಾಗಿ ಸೀಳಿದ್ದು. ಸರ್ರನೆ ತೊಗರಿಗೆ ಇಳಿಯಿತು, ಹುಳ ಕಚ್ಚಿಕೊಂಡು ತಂತಿಗೆ ಮರಳಿತು, ಬಡಿದು ನುಂಗಿತು. ಮತ್ತೆ ಇಳಿಯಿತು. ಕೆಳಗೆ ಗೊರವಂಕಗಳು ಎಲೆ ಸರಿಸಿ ಸರಿಸಿ ಹುಡುಕುತ್ತಿದ್ದವು.

ಹಜರಾಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಏನ್ ನೋಡಾಕತ್ತೀರಿ ಸಾಹೇಬ್ರ?"

"ಆ ಕರೀ ಹಕ್ಕಿ ನೋಡಾಕತ್ತೇನ್ರಿ."

"ಅದು ಕೊತ್ವಾಲ, ಹಕ್ಕಿಗಳ ಪೊಲೀಸ. ಮುಂಜಾನಿಂದ ಸಂಜೀತನಾ ಇಲ್ಲೇ ಇರತೈತಿ. ಕೂಸು ಅದನ್ನ ನೋಡಕೋತ ಅಳೋದು ಬಿಡತೈತಿ. ಹುಳಾ ತಿಂತೈತಿ ಅನ್ನೋದು ನಾನೂ ಇವತ್ತ ನೋಡಿದೆ ನೋಡ್ರಿ."

ಅಲ್ಲ, ನಾನು ಏನು ಮಾಡಿದೆ! ಸಜ್ಜೆ ತಿಂದ ಕಳ್ಳರ ಜೊತೆ ಈ ಕೊತ್ವಾಲನನ್ನೂ ಊರು ಬಿಡಿಸಿದೆ. ಅದರ ಮೇಲೆ ದುಪ್ಪಟ್ಟು ಎಣ್ಣೆ ಹೊಡೆದು ಜೇಡ, ಜೇನು ಎಲ್ಲವನ್ನೂ ಮುಗಿಸಿದೆ. ಹುಳಕ್ಕೆ ರಸ್ತೆ ಖಾಲಿ ಮಾಡಿಕೊಟ್ಟವನು ನಾನೇ. ಮಾಡಿದ್ದುಣ್ಣೋ ಮಹಾರಾಯ.

ಎಳ್ಳ ಅಮಾವಾಸ್ಯೆಗೆ ಇನ್ನೂ ಒಂದು ತಿಂಗಳ ಮೇಲಿದೆ. ತಡವಾಗಿ ಬಂದ ಹೂವು ಇನ್ನೂ ಕಾಯಾಗಬೇಕು. ಹಕ್ಕಿಗಳನ್ನು ಕರೆತರುತ್ತೇನೆ. ಹೇಗೆ ಎಂದು ಗೊತ್ತಿಲ್ಲ.

೧೭ ನವೆಂಬರ್, ಸೋಮವಾರ

ಕವಲು ಕಟ್ಟಿಗೆ ಕಡಿದು ಹೊಲದ ತುಂಬ ನೆಟ್ಟೆ, ಹಕ್ಕಿ ಕೂರಲಿ ಎಂದು. ಮಣ್ಣಿನ ತಾಟಿನಲ್ಲಿ ನೀರಿಟ್ಟೆ. ಚುರುಮರಿ ಚೀಲ ಹೊತ್ತು ಬಂದು ಸಾಲಿನಲ್ಲಿ ಚೆಲ್ಲಿದೆ. ಯಶೋಧಾಗೆ ಸಿಟ್ಟು. "ಮನಿ ಮಂದಿಗೆ ಚಾದ ಜೋಡಿ ಒಂದ ಮುಷ್ಟಿ ಇಲ್ಲ, ಹಕ್ಕಿಗೆ ಚೀಲಗಟ್ಲೆ!"

ಒಂದೂ ಬರಲಿಲ್ಲ. ಬೇವಿನ ತುದಿಯಲ್ಲಿ ಸಾಲಾಗಿ ಕೂತು ನನ್ನನ್ನೇ ನೋಡುತ್ತವೆ. ನಾನು ಒಂದು ಹೆಜ್ಜೆ ಇಟ್ಟರೆ ಹಾರುತ್ತವೆ. ಸೀಟಿ ಮುಟ್ಟಿಲ್ಲ, ಕೈ ಎತ್ತಿಲ್ಲ, ಆದರೂ ಹಾರುತ್ತವೆ. ಯಶೋಧಾ ಅದೇ ಸಾಲಿನಲ್ಲಿ ಬುತ್ತಿ ಹೊತ್ತು ನಡೆದರೆ ಕಣ್ಣೆತ್ತಿಯೂ ನೋಡುವುದಿಲ್ಲ.

"ನನ್ನ ಮ್ಯಾಲ ಅವಕ್ಕೇನು ಹಗೆ?" ಎಂದೆ.

ಯಶೋಧಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮ್ಯಾಲ ಅಲ್ರಿ. ಆ ಖಾಕಿ ಮ್ಯಾಲ. ಎರಡ ತಿಂಗಳು ಖಾಕಿ ಕಂಡ್ರ ಸೀಟಿ, ಸೀಟಿ ಕಂಡ್ರ ಓಟ. ನಿಮ್ಮ ಬಸ್ಸಿನ ಮಂದಿನೂ ಹಿಂಗ ಅಂಜತಿದ್ದಿಲ್ಲ."

ನಾನು ತೋಳು ತಿರುವಿ ನೋಡಿಕೊಂಡೆ. ಅಂಗಿ ಚೆನ್ನಾಗಿಯೇ ಇದೆ, ಎಲ್ಲೂ ಹರಿದಿಲ್ಲ.

೧೮ ನವೆಂಬರ್, ಮಂಗಳವಾರ

ಹೊಲಕ್ಕೆ ಹೋಗಲಿಲ್ಲ.

೧೯ ನವೆಂಬರ್, ಬುಧವಾರ

ವೈನಿಯ ಮನೆಗೆ ಹೋಗಿ ಅಣ್ಣನ ಹಳೆಯ ಧೋತರ, ನೆಹರೂ ಶರ್ಟು, ರುಮಾಲು ಕೇಳಿದೆ. ಯಾಕೆ ಎಂದು ಕೇಳಿದಳು. ಹಕ್ಕಿಗಳಿಗೆ ಖಾಕಿ ಸೇರುವುದಿಲ್ಲ ಎಂದೆ. ಆಕೆ ಬಹಳ ಹೊತ್ತು ಪೆಟ್ಟಿಗೆ ತಡಕಿದಳು, ಬಟ್ಟೆ ಕೊಡುವಾಗ ಸೆರಗಿನಿಂದ ಧೂಳು ಒರೆಸಿ ಕೊಟ್ಟಳು.

ಧೋತರ ಎರಡು ಸಲ ಬಿಚ್ಚಿತು. ಮೂರನೆಯ ಸಲ ಯಶೋಧಾ ಕಟ್ಟಿಕೊಟ್ಟಳು. ಖಾಕಿಯನ್ನು ಮಡಚಿ ಶಾಲಿನ ಪಕ್ಕದಲ್ಲಿ ಇಟ್ಟಳು. ಸೀಟಿಯನ್ನು ಗೂಟಕ್ಕೆ ತೂಗುಹಾಕಿದೆ.

ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಚುರುಮರಿ ಚೆಲ್ಲಿದೆ. ಮೊದಲು ಒಂದು ಗೊರವಂಕ ಬಂತು. ನನ್ನನ್ನು ಒಂದು ಕಣ್ಣಿನಿಂದ ನೋಡಿತು, ತಿರುಗಿ ಇನ್ನೊಂದು ಕಣ್ಣಿನಿಂದ ನೋಡಿತು. ಉಸಿರು ಬಿಗಿಹಿಡಿದೆ. ಒಂದು ಕಾಳು ಕುಕ್ಕಿತು. ಹಿಂದೆಯೇ ನಾಲ್ಕು ಇಳಿದವು. ಚುರುಮರಿಗೆ ಬಂದವು ಗಿಡದ ಕೆಳಗಿನ ಹುಳ ನೋಡಿದವು, ಚುರುಮರಿ ಮರೆತವು!

ಕೂಗಿ ಯಶೋಧಾಳನ್ನು ಕರೆಯಬೇಕೆನಿಸಿತು. ಕರೆಯಲಿಲ್ಲ. ಬಾಯಿಗೆ ರುಮಾಲು ಒತ್ತಿ ಹಿಡಿದು ಒಬ್ಬನೇ ನಕ್ಕೆ.

೨೬ ನವೆಂಬರ್, ಬುಧವಾರ

ಈಗ ಕೆಲಸದ ಕ್ರಮ ಹೀಗಿದೆ. ಯಶೋಧಾ, ಹಜರಾಬಿ ಸಾಲಿನ ಎರಡೂ ಕಡೆ ತಾಡಪಾಲು ಹಿಡಿಯುತ್ತಾರೆ, ನಾನು ಗಿಡದ ಬುಡ ಹಿಡಿದು ಅಲುಗಾಡಿಸುತ್ತೇನೆ. ಹುಳಗಳು ಪಟಪಟ ಉದುರುತ್ತವೆ. ತಾಡಪಾಲನ್ನು ಬದುವಿಗೆ ಎಳೆದು ಸುರುವುತ್ತೇವೆ. ಎಣ್ಣೆಯ ಡಬ್ಬಿ ಮುಟ್ಟಿಲ್ಲ. ತಾಡಪಾಲು ಹಿಡಿದ ಮೊದಲ ದಿನ ಹತ್ತು ಹಕ್ಕಿ ಇದ್ದವು. ಈಗ ನಾವು ಬರುವುದಕ್ಕೆ ಮೊದಲೇ ಬೆಳ್ಳಕ್ಕಿಗಳು ಬದುವಿನ ಮೇಲೆ ಪಂಕ್ತಿಗೆ ಕೂತವರಂತೆ ಕಾಯುತ್ತಿರುತ್ತವೆ. ಕವಲು ಕಟ್ಟಿಗೆಗೆ ಒಬ್ಬೊಬ್ಬ ಕೊತ್ವಾಲ. ಸ್ವಲ್ಪ ತಡವಾದರೆ ಬೈದಂತೆ ಕೂಗುತ್ತವೆ.

ನಿನ್ನೆ ಒಂದು ಗಿಡುಗ ಬಂದು ಗೊರವಂಕವೊಂದನ್ನು ಎತ್ತಿಕೊಂಡು ಹೋಯಿತು. ನನ್ನ ಹಕ್ಕಿ! ಕೈ ತಾನೇ ಕಿಸೆಗೆ ಹೋಯಿತು. ಅಣ್ಣನ ಶರ್ಟಿನ ಕಿಸೆಯಲ್ಲಿ ಸೀಟಿ ಇರಲಿಲ್ಲ. ಒಂದು ಗಳಿಗೆ ನಿಂತು ಯೋಚಿಸಿದೆ. ತೊಗರಿ ತಿಂದದ್ದು ಹುಳ, ಹುಳ ತಿಂದದ್ದು ಗೊರವಂಕ, ಗೊರವಂಕ ತಿಂದದ್ದು ಗಿಡುಗ. ಉದುರಿದ್ದು ಸತ್ತದ್ದು ಎಲ್ಲ ಮಣ್ಣಿಗೆ, ಮಣ್ಣಿನಿಂದ ಮತ್ತೆ ತೊಗರಿ, ತೊಗರಿಯಿಂದ ನನ್ನ ತಾಟು. ಇದು ಕಲಬುರಗಿಗೆ ಹೋಗಿ ನಿಲ್ಲುವ ಬಸ್ಸಲ್ಲ, ಸುತ್ತಿ ಸುತ್ತಿ ಬರುವ ಬಸ್ಸು. ನಾನೂ ಇದರಲ್ಲಿ ಒಬ್ಬ ಪ್ಯಾಸೆಂಜರ್. ಕಂಡಕ್ಟರ್ ಎಂದುಕೊಂಡು ನಡುದಾರಿಯಲ್ಲಿ ಮಂದಿಯನ್ನು ಇಳಿಸಿದ್ದಕ್ಕೇ ಇಷ್ಟೆಲ್ಲ ಆದದ್ದು. ಗಿಡುಗನ ಪಾಲು ಗಿಡುಗ ಒಯ್ಯಲಿ.

೮ ಡಿಸೆಂಬರ್, ಸೋಮವಾರ

ಜೇನುನೊಣ ಮರಳಿವೆ. ತಡವಾಗಿ ಬಂದ ಹೂವೆಲ್ಲ ಕಾಯಿ ಕಟ್ಟಿ ಗೊಂಚಲು ಜೋತುಬಿದ್ದಿವೆ. ಮೊದಲು ತೂತು ಬಿದ್ದದ್ದು ಹೋಯಿತು, ಅದು ನನ್ನ ದಂಡ. ಉಳಿದದ್ದು ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ವೈನಿಯ ಕಣ್ಣು ಬೇರೆ. ಆಕೆ ಪರವಾಗಿಲ್ಲ ಅಂದರೂ ಸಾಕು.

ಸೀಟಿಯ ಒಳಗಿನ ಗುಂಡು ತೆಗೆದು, ಕೆಂಪು ದಾರ ಕಟ್ಟಿ ಹಜರಾಬಿಯ ಮೊಮ್ಮಗನ ತೊಟ್ಟಿಲಿಗೆ ತೂಗುಹಾಕಿದೆ. ಅವನು ಅದನ್ನು ಒದೆಯುತ್ತಾನೆ. ತಕ್ಕ ಶಾಸ್ತಿ.

೧೯ ಡಿಸೆಂಬರ್, ಎಳ್ಳ ಅಮಾವಾಸ್ಯೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾಗಿದ್ದರೆ ಇರಲಿ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಬದನೆಕಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಎಲ್ಲದರ ಬುಟ್ಟಿ ಹೊತ್ತು ಯಶೋಧಾ ಮುಂದೆ. ವೈನಿ ಚಕ್ಕಡಿಯಲ್ಲಿ ಬಂದಳು. ಬಾಬುಲಾಲ ಕರೆಯದಿದ್ದರೂ ಬಂದ. ಬೇವಿನ ಬುಡದಲ್ಲಿ ಪಾಂಡವರೆಂದು ಐದು ಕಲ್ಲು ಇಟ್ಟು ಪೂಜೆ ಮಾಡಿದೆವು.

ಪೂಜೆ ಮುಗಿದದ್ದೇ ವೈನಿ ಎದ್ದಳು. "ನಡಿ."

ಕೋಲೂರಿಕೊಂಡು ಒಂದೊಂದೇ ಸಾಲು. ನಾನು ಕೈ ಹಿಡಿಯಲು ಹೋದರೆ ಝಾಡಿಸಿದಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ, ಕಾಯಿ ಬಿಡಿಸುತ್ತಾಳೆ, ಕಾಳು ಬಾಯಿಗೆ ಹಾಕುತ್ತಾಳೆ, ಮುಂದೆ ನಡೆಯುತ್ತಾಳೆ. ಮುಖದಲ್ಲಿ ಏನೂ ಇಲ್ಲ. ಟಿಕೆಟ್ ತಪಾಸಣೆಯವರು ಬಸ್ಸು ಹತ್ತಿದಾಗಲೂ ನಾನು ಹೀಗೆ ಅಂಜಿರಲಿಲ್ಲ. ತೂತು ಬಿದ್ದ ಕಾಯಿ ಸಿಕ್ಕಾಗ ನನಗೆ ತೋರಿಸಿದಳು. ನಾನು ತಲೆ ತಗ್ಗಿಸಿದೆ. ಹೊಲದ ತುದಿ ಮುಟ್ಟಿ ಹಿಂದಿರುಗಿ ನೋಡಿದಳು. ಒಂದೊಂದು ಕವಲಿನ ಮೇಲೂ ಒಂದೊಂದು ಹಕ್ಕಿ. ನಾವಿಬ್ಬರು ನಡೆದು ಬಂದರೂ ಒಂದೂ ಎದ್ದಿರಲಿಲ್ಲ.

"ನಿಮ್ಮ ಅಣ್ಣ ಇದ್ದಾಗ ಹಿಂಗ ಕುಂದರ್ತಿದ್ವು," ಎಂದಳು. "ಎಣ್ಣಿ ದುಪ್ಪಟ್ಟ ಹಾಕು ಅಂದಾಕಿ ನಾನ. ನಂದೂ ತಪ್ಪೈತಿ." ಆಮೇಲೆ ಕೋಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ ಅಂದಳು, "ಭೇಷ್ ಅದಾವ ಕಾಯಿ."

ಭೇಷ್! ಪರವಾಗಿಲ್ಲ ಅಲ್ಲ, ಭೇಷ್! ನನಗೆ ಕಣ್ಣು ತುಂಬಿ ಬಂತು, ರುಮಾಲು ಅಣ್ಣನದೇ ಆದ್ದರಿಂದ ಅದರ ತುದಿಯಲ್ಲೇ ಒರೆಸಿಕೊಂಡೆ.

ಬೇವಿನ ಕೆಳಗೆ ಬಂದು ವೈನಿ ತಾನೇ ಒಂದು ತಾಟಿಗೆ ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿದು ಬಾಬುಲಾಲನ ಮುಂದೆ ಇಟ್ಟಳು. "ಹೊಟ್ಟಿ ತುಂಬ ಉಣ್ಣು. ಹೊಲ ಲಾವಣಿಗೆ ಇಲ್ಲ."

ಅವನು ನಮ್ಮೆಲ್ಲರ ಮುಖ ನೋಡಿದ. ಆಮೇಲೆ ಹೋಳಿಗೆ ಮುರಿದ. ಪಾಪ, ಎರಡನೆಯದನ್ನೂ ಕೇಳಿ ಹಾಕಿಸಿಕೊಂಡ.

ಪ್ರತಿ ವರ್ಷ ಚರಗ ಚೆಲ್ಲುತ್ತಿದ್ದದ್ದು ವೈನಿ. ಈ ಸಲ ಬುಟ್ಟಿ ನನ್ನ ಕೈಗೆ ಕೊಟ್ಟಳು. "ಹುಲ್ಲುಲಿಗೋ" ಎಂದು ಚರಗದ ಕೂಗು ಕೂಗುತ್ತಾ ಹೊಲದ ನಾಲ್ಕೂ ಕಡೆ ಅನ್ನ, ರೊಟ್ಟಿ ಚೆಲ್ಲಿದೆ. ಇಷ್ಟು ವರ್ಷ ಇದು ದೇವರ ಪಾಲೆಂದು ತಿಳಿದು, ಯಾವಾಗ ಮುಗಿದೀತು, ಯಾವಾಗ ಉಂಡೇವು ಎಂದು ಕಾಯುತ್ತಿದ್ದೆ. ಇವತ್ತು ನನ್ನ ಹಿಂದೆಯೇ ಹಕ್ಕಿಗಳು ಇಳಿದವು. ಹಜರಾಬಿಯ ಬದುವಿನ ನಾಲ್ಕು ಸಾಲಿಗೆ ಬಂದಾಗ ಒಂದು ಮುಷ್ಟಿ ಹೆಚ್ಚು ಚೆಲ್ಲಿದೆ.

೧೧ ಜನವರಿ, ಭಾನುವಾರ

ರಾಶಿ ಮುಗಿದು ಮೂರು ದಿನವಾಯಿತು. ಬೀಜಕ್ಕೆ, ಎರಡೂ ಮನೆಯ ಬೇಳೆಗೆ ತೆಗೆದಿಟ್ಟು ಉಳಿದದ್ದು ಸಿಂದಗಿ ಪೇಟೆಗೆ ಹೋಯಿತು. ಮುಂದಿನ ಸಜ್ಜೆಯಲ್ಲಿ ಅಂಚಿನ ಸಾಲುಗಳನ್ನು ಹಕ್ಕಿಗೇ ಬಿಡುವುದೆಂದು ವೈನಿಯ ಜೊತೆ ಜಗಳವಾಡಿ ಗೆದ್ದೆ.

ಡಿಪೋದ ಹಳೆಯ ಗೆಳೆಯರಿಗೆ ಹೊಸ ಬೇಳೆ ಕೊಟ್ಟು ಬರೋಣ ಎಂದು ಬೆಳಿಗ್ಗೆ ಬಸ್ಸು ಹತ್ತಿದೆ. ಕಂಡಕ್ಟರ್ ನಮ್ಮ ತಬ್ರೇಜ, ನನ್ನ ಕೈಕೆಳಗೆ ಕೆಲಸ ಕಲಿತವನು. ಧೋತರ ರುಮಾಲು ನೋಡಿ, "ಯಜಮಾನ್ರ, ಟಿಕೆಟ್," ಎಂದ. ಮುಖ ನೋಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ರೊಕ್ಕ ಕೊಟ್ಟು ಟಿಕೆಟ್ ತೆಗೆದುಕೊಂಡು ಕಿಟಕಿಗೆ ಕೂತೆ.

ಬಸ್ಸು ನಮ್ಮ ಹೊಲದ ಹತ್ತಿರ ಒಬ್ಬ ಹೆಂಗಸನ್ನು ಹತ್ತಿಸಿಕೊಳ್ಳಲು ನಿಂತಿತು. ಕೊಯ್ದ ಹೊಲದ ತುಂಬ ಹಕ್ಕಿ. ತಬ್ರೇಜ ಸೀಟಿ ಬಾಯಿಗಿಟ್ಟ.

"ಏ, ಊದಬ್ಯಾಡೋ! ಹಾರ್ತಾವ!"

ನಾನು ಸೀಟಿನಿಂದ ಎದ್ದು ಕೂಗಿದ್ದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು. ತಬ್ರೇಜ ಗಾಬರಿಯಾದ. "ಏನ್ ಹಾರ್ತಾವ್ರಿ ಸರ? ಈ ಸೀಟಿ ಊದೂದು ನೀವ ಕಲಿಸಿದ್ದಲ್ರಿ?"

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಸರಿ, ಅವನ ಡ್ಯೂಟಿ ಅವನು ಮಾಡಬೇಕಲ್ಲ. ಅವನು ಊದಿದ, ನಾನು ಕಲಿಸಿದಂತೆಯೇ, ಎದೆ ತುಂಬ ಉಸಿರು ಎಳೆದು. ನಾನು ಕಿಟಕಿಯ ಸರಳು ಹಿಡಿದು ಹೊಲ ನೋಡಿದೆ.

ಒಂದು ಕೊತ್ವಾಲ ಮಾತ್ರ ತಲೆ ಎತ್ತಿತು. ಒಂದೂ ಹಾರಲಿಲ್ಲ.